ಡಿಸ್ಕೊ ತಾಳಕ್ಕೆ ಕುಣಿದ ಭೈರವ್

ಧಾರವಾಡದ ಗೆಳೆಯನಿಗೆ ಹೋದ ಭಾನುವಾರ ಒಂದು ಯೂಟ್ಯೂಬ್ ಲಿಂಕ್ ಕಳಿಸಿದೆ. ಹೆಸರು, ವಿವರ ಏನೂ ಬರೆಯಲಿಲ್ಲ. ಎರಡು ನಿಮಿಷಕ್ಕೇ ಉತ್ತರ ಬಂತು: ‘ಭೈರವ್ ಏನೋ ಖರೆ, ಆದ್ರ ಮಿಕ್ಸರ್‌ದಾಗ ಹಾಕಿ ರುಬ್ಬ್ಯಾರಲ್ಲೋ!’ ಅರ್ಧ ಗಂಟೆ ಕಳೆದ ಮೇಲೆ ಇನ್ನೊಂದು: ‘ಯಾರಪಾ ಈ ಮನಷ್ಯಾ?’

ಆ ಮನುಷ್ಯ ಚರಣ್‌ಜಿತ್ ಸಿಂಗ್. ಮುಂಬೈ ಸಿನಿಮಾ ಧ್ವನಿಮುದ್ರಣಗಳಲ್ಲಿ ಗಿಟಾರ್, ಕೀಬೋರ್ಡ್ ನುಡಿಸುತ್ತಿದ್ದವರು. ತೆರೆಯ ಮೇಲೆ ಹೆಸರು ಬರದ ನೂರಾರು ಕೈಗಳಲ್ಲಿ ಅವರದೂ ಒಂದು. 1982ರಲ್ಲಿ, ದೇಶವೆಲ್ಲ ಡಿಸ್ಕೊ ಗುಂಗಿನಲ್ಲಿದ್ದಾಗ, ಅವರು ತಬಲಾವನ್ನು ಪಕ್ಕಕ್ಕಿಟ್ಟು ಜಪಾನಿನ ರೋಲಂಡ್ ಕಂಪನಿಯ ಮೂರು ಯಂತ್ರಗಳನ್ನು ಮುಂದಿಟ್ಟುಕೊಂಡು ಕೂತರು. ತಾಳಕ್ಕೆ ಟಿಆರ್-808, ಮಂದ್ರಕ್ಕೆ ಟಿಬಿ-303, ಉಳಿದದ್ದಕ್ಕೆ ಜುಪಿಟರ್-8. ಭೈರವ್, ಲಲಿತ್, ಭೂಪಾಲಿ, ತೋಡಿ, ಯಮನ್, ಮಾಲಕಂಸ್... ಹೀಗೆ ಹತ್ತು ರಾಗ. ಒಂದೊಂದಕ್ಕೆ ಸುಮಾರು ಐದು ನಿಮಿಷ. ಧಾರವಾಡದಲ್ಲಾದರೆ ಅಷ್ಟು ಹೊತ್ತು ತಂಬೂರಿ ಶ್ರುತಿ ಮಾಡಲಿಕ್ಕೇ ಬೇಕು. ‘ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’ ಎಂಬ ಹೆಸರಿನಲ್ಲಿ ಎಚ್‌ಎಂವಿ ಅದನ್ನು ಹೊರತಂದಿತು. ಕೊಳ್ಳುವವರು ಸಿಗಲಿಲ್ಲ.

ಈ 303 ಯಂತ್ರದ ಕತೆಯೂ ಸ್ವಾರಸ್ಯದ್ದೇ. ಒಬ್ಬನೇ ಕೂತು ಗಿಟಾರ್ ಅಭ್ಯಾಸ ಮಾಡುವವನಿಗೆ ಬೇಸ್ ಸಾಥ್ ಕೊಡಲೆಂದು ಮಾಡಿದ್ದು. ನಿಜವಾದ ಬೇಸ್‌ನಂತೆ ಅದು ಕೇಳಿಸಲೇ ಇಲ್ಲ; 1984ಕ್ಕೆ ತಯಾರಿಕೆ ನಿಂತಿತು. ಹಳೆ ಸಾಮಾನಿನ ದರಕ್ಕಿಳಿದ ಅದನ್ನು ಷಿಕಾಗೊ ಹುಡುಗರು ಕೊಂಡು, ಗುಂಡಿಗಳನ್ನು ಮನಬಂದಂತೆ ತಿರುಗಿಸಿದರು. ಫ್ಯೂಚರ್ ಎಂಬ ತಂಡದ ‘ಆ್ಯಸಿಡ್ ಟ್ರ್ಯಾಕ್ಸ್’ 1987ರಲ್ಲಿ ಬಂದಾಗ ‘ಆ್ಯಸಿಡ್ ಹೌಸ್’ ಎಂಬ ಪ್ರಕಾರವೇ ಹುಟ್ಟಿತು. ಸಿಂಗ್ ಅದೇ ಯಂತ್ರದಲ್ಲಿ ಬೇರೆಯದನ್ನೇ ಕಂಡಿದ್ದರು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಲಭ್ಯ ಅದರಲ್ಲಿತ್ತು. ನಮ್ಮ ಕಿವಿಗೆ ಅದು ಮೀಂಡ್! ಆ ಹಳೆಯ ಮುದ್ರಣ ಇಂದೂ ತಮಾಷೆಯಾಗಿ ಉಳಿಯದೆ ಸಂಗೀತವಾಗಿ ಕೇಳಿಸುವುದು ಇದರಿಂದಲೇ ಎಂದು ನನ್ನ ಅನಿಸಿಕೆ.

ಇಪ್ಪತ್ತು ವರ್ಷದ ನಂತರ ಎಡೊ ಬೌಮನ್ ಎಂಬ ಡಚ್ ಸಂಗ್ರಾಹಕನಿಗೆ ದೆಹಲಿಯ ಅಂಗಡಿಯಲ್ಲಿ ಈ ಎಲ್‌ಪಿ ಸಿಕ್ಕಿತು. ಹೋಟೆಲಿಗೊಯ್ದು ಕೇಳಿ ಬೆರಗಾಗಿ ಸುಮ್ಮನಾಗಲಿಲ್ಲ ಆತ. ಮುಂಬೈಗೆ ಬಂದು ಸಿಂಗ್ ಅವರನ್ನೇ ಹುಡುಕಿ ಹಿಡಿದ. 2010ರಲ್ಲಿ ಅದನ್ನು ಮರುಬಿಡುಗಡೆ ಮಾಡಿದಾಗ ಅಂತರ್ಜಾಲದ ತುಂಬ ಗದ್ದಲ. ಇದು ಯಾರೋ ಈಗ ಮಾಡಿ ಹಳೆಯದೆಂದು ನಂಬಿಸುತ್ತಿರುವ ನಕಲಿ ಮಾಲು ಎಂದವರೂ ಇದ್ದರು. ಎಪ್ಪತ್ತು ದಾಟಿದ್ದ ಸಿಂಗ್ ಅದೇ ರಾಗಗಳನ್ನು ಯುರೋಪಿನ ವೇದಿಕೆಗಳಲ್ಲಿ ನುಡಿಸಿ ಬಂದರು. 2015ರ ಜುಲೈನಲ್ಲಿ ಮುಂಬೈಯಲ್ಲಿ ತೀರಿಕೊಂಡರು.

ಈಗ ಈ ಹಾಡಿಗೆ ‘ಆ್ಯಸಿಡ್ ಹೌಸ್ ಕಂಡುಹಿಡಿದದ್ದು ಭಾರತೀಯ’ ಎಂಬ ಬಾಲ ಅಂಟಿಸಿ ಫಾರ್ವರ್ಡ್ ಮಾಡುವವರಿದ್ದಾರೆ. ಷಿಕಾಗೊ ಹುಡುಗರು ಇದನ್ನು ಕೇಳಿದ್ದರೆಂಬುದಕ್ಕೆ ಯಾವ ಆಧಾರವೂ ಇಲ್ಲ. ಪುಷ್ಪಕ ವಿಮಾನದ ಪಟ್ಟಿಗೆ ಸಿಂಗ್‌ರನ್ನೂ ಸೇರಿಸುವುದು ಬೇಡ. ಅವರು ಮಾಡಿದ್ದೇ ಸಾಕಷ್ಟಿದೆ.

ಅದೇ 1982ರಲ್ಲಿ ಬಂದ ಬಂಗಾಳಿ ಗಾಯಕಿ ರೂಪಾ ಅವರ ‘ಡಿಸ್ಕೊ ಜಾಜ್’ ಕತೆಯೂ ಹೀಗೆಯೇ. ಕೆನಡಾದ ಕ್ಯಾಲ್ಗರಿಯಲ್ಲಿ ಮುದ್ರಣವಾದದ್ದು, ಜತೆಗೆ ಆಶಿಷ್ ಖಾನರ ಸರೋದ್. ಆಗ ಯಾರೂ ತಿರುಗಿ ನೋಡಲಿಲ್ಲ. 2019ರಲ್ಲಿ ಮರುಬಿಡುಗಡೆ ಆಯಿತು.

ನಿಮ್ಮ ಮನೆಯ ಅಟ್ಟದಲ್ಲೂ ಎಂಬತ್ತರ ದಶಕದ ಕ್ಯಾಸೆಟ್‌ಗಳ ಡಬ್ಬಿಯೊಂದು ಇದ್ದೀತು. ಅದರಲ್ಲಿ ವಿಚಿತ್ರವಾದದ್ದೇನಾದರೂ ಸಿಕ್ಕರೆ ಹಾಡನ್ನಷ್ಟೇ ಹಂಚಬೇಡಿ. ಒಳಗಿನ ಕಾಗದ ಬಿಡಿಸಿ, ನುಡಿಸಿದವರ ಹೆಸರು ಓದಿ, ಅದನ್ನೂ ಬರೆದು ಕಳಿಸಿ.