ಪರೀಕ್ಷೆಯ ಕೊಠಡಿಯಲ್ಲಿ ನಿಟ್ಟುಸಿರು

ಮಾರ್ಚಿ ತಿಂಗಳು ಬಂದಿತೆಂದರೆ ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿ ಹತ್ತನೆಯ ತರಗತಿಯ ಮಕ್ಕಳಿರುವ ಮನೆಗಳ ದೀಪ ಬೇಗನೆ ಆರುವುದಿಲ್ಲ. ಚೆನ್ನಾಗಿ ಓದಿದ್ದ ಹುಡುಗಿಯೊಬ್ಬಳು ಪ್ರಶ್ನೆಪತ್ರಿಕೆ ಕೈಗೆ ಬಂದೊಡನೆ ಬೆವತು, ಕಂಠಪಾಠವಾಗಿದ್ದ ಪದ್ಯದ ಮೊದಲ ಪಾದವನ್ನೇ ಮರೆತು ಕುಳಿತುದನ್ನು ನಾನು ಕಂಡಿದ್ದೇನೆ. ಹೊರಗೆ ಬಂದ ಮೇಲೆ ಪದ್ಯವನ್ನೆಲ್ಲ ತಡೆಯಿಲ್ಲದೆ ಒಪ್ಪಿಸಿ ಅತ್ತಳು.

ಇದಕ್ಕೆ ಕಾರಣವೇನು? ಭಯ ಹುಟ್ಟಿದಾಗ ದೇಹವು ಓಡುವುದಕ್ಕೋ ಹೋರಾಡುವುದಕ್ಕೋ ಸಿದ್ಧವಾಗುತ್ತದೆ. ಎದೆಬಡಿತ ಏರುತ್ತದೆ, ಉಸಿರು ಅವಸರಪಡುತ್ತದೆ. ಅತಿಯಾಗಿ ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ, ತಲೆ ತಿರುಗಿ, ಬೆರಳು ಜುಮುಗುಟ್ಟುವುದುಂಟು. ಅದನ್ನು ಕಂಡು ಭಯ ಇಮ್ಮಡಿಸುತ್ತದೆ.

ಎದೆಬಡಿತಕ್ಕೆ ನಿಧಾನವಾಗೆಂದು ಹೇಳಿದರೆ ಅದು ಕೇಳದು. ಉಸಿರಾದರೋ ನಮ್ಮ ಮಾತನ್ನು ಕೇಳುತ್ತದೆ. ಉಸಿರೆಳೆದಾಗ ನಾಡಿ ಕೊಂಚ ಚುರುಕಾಗುವುದು, ಬಿಟ್ಟಾಗ ನಿಧಾನವಾಗುವುದು. ವೇಗಸ್ ಎಂಬ ನರದ ಕೆಲಸವಿದು. ಆದುದರಿಂದ ಬಿಡುವ ಉಸಿರನ್ನು ದೀರ್ಘಗೊಳಿಸಬೇಕು. ನಿಡಿದು ಉಸಿರು ಸೇರಿಯೇ ಅಲ್ಲವೆ ನಮ್ಮ ‘ನಿಟ್ಟುಸಿರು’ ಆದದ್ದು? ಪತಂಜಲಿಯ ಯೋಗಸೂತ್ರದ ಮೊದಲ ಪಾದದಲ್ಲಿಯೂ ಚಿತ್ತಶಾಂತಿಗೆ ಉಸಿರನ್ನು ಹೊರಬಿಡುವ, ತಡೆಯುವ ಉಪಾಯ ಹೇಳಿದೆ. ಮೈಸೂರಿನಲ್ಲಿ ಯೋಗ ಕಲಿಸುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರ ‘ಯೋಗ ಮಕರಂದ’ 1934ರಲ್ಲಿ ಕನ್ನಡದಲ್ಲಿಯೇ ಪ್ರಕಟವಾಯಿತು.

ಮಾಡುವ ಕ್ರಮ ಸುಲಭ. ಬೆನ್ನು ನೆಟ್ಟಗಿರಲಿ, ಹೆಗಲು ಸಡಿಲವಾಗಿರಲಿ. ಮನಸ್ಸಿನಲ್ಲಿ 4 ಎಣಿಸುತ್ತ ಮೂಗಿನಿಂದ ಉಸಿರೆಳೆಯಿರಿ. ಹೊಟ್ಟೆ ಮೆಲ್ಲನೆ ಉಬ್ಬಲಿ. 6 ಎಣಿಸುತ್ತ ನಿಧಾನವಾಗಿ ಬಿಡಿರಿ. ಸೆಕೆಂಡಿಗೆ ಒಂದರಂತೆ ಎಣಿಸಿದರೆ ನಿಮಿಷಕ್ಕೆ 6 ಉಸಿರಾಗುತ್ತವೆ. ವಯಸ್ಕರ ಸಾಮಾನ್ಯ ಗತಿ 12ರಿಂದ 20. ಪೂರಕ, ರೇಚಕಗಳೆರಡೇ ಸಾಕು. ಗುರುವಿಲ್ಲದೆ ಕುಂಭಕ ಬೇಡ. ತಲೆ ಸುತ್ತಿದರೆ ನಿಲ್ಲಿಸಿ ಸಹಜವಾಗಿ ಉಸಿರಾಡಿರಿ. ಉಬ್ಬಸ, ಹೃದಯರೋಗ ಇರುವವರು ವೈದ್ಯರನ್ನು ಕೇಳಿ ತೊಡಗಲಿ.

ಬಾಯಾರಿದಾಗ ಬಾವಿ ತೋಡಿದಂತೆ ಪರೀಕ್ಷೆಯ ದಿನವೇ ಇದನ್ನು ಕಲಿಯಲು ಹೋಗಬಾರದು. ನಿತ್ಯವೂ ಓದಲು ಕೂಡುವ ಮುನ್ನ 5 ನಿಮಿಷ ಅಭ್ಯಾಸವಿರಲಿ. ಕಾಲುವೆಯ ನೀರಿಗಾಗಿ ಕಾಯುವ ರೈತನಿಗೂ, ಹಟ್ಟಿಯ ಚಿನ್ನದ ಗಣಿಗೆ ಇಳಿಯುವ ಕೆಲಸಗಾರನಿಗೂ ಇದು ಒದಗುತ್ತದೆ.

ಇದು ಓದಿಗೆ ಬದಲಾಗದು, ಔಷಧಕ್ಕೂ ಬದಲಾಗದು. ನಿದ್ರೆ, ಊಟ ಬಿಟ್ಟುಹೋಗುವಷ್ಟು ಕಳವಳವಿದ್ದರೆ ವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಗೆ 14416ಕ್ಕೆ ಕರೆ ಮಾಡಬಹುದು. ತಂದೆತಾಯಿಗಳೂ ಮಗು ಹೊಸ್ತಿಲು ದಾಟುವಾಗ ಅಂಕದ ಮಾತೆತ್ತದಿರಲಿ.

ಆ ಹುಡುಗಿಗೆ ಮುಂದಿನ ಪತ್ರಿಕೆಗೆ ಮುನ್ನ ಇಷ್ಟನ್ನೇ ಹೇಳಿಕೊಟ್ಟೆನು. “ಅಂಜಿಕೆ ಹೋಗಲಿಲ್ಲ ಸರ್, ಆದರೆ ಬರೆಯೋಕೆ ಕೈ ಬಂತು” ಎಂದಳು.