ಮುಖದ ಮೊಡವೆಯೂ ಅಂಗಡಿಯ ಮುಲಾಮೂ

ನಮ್ಮ ಮನೆಯಲ್ಲಿ ಎರಡು ಟವೆಲುಗಳು ಬಣ್ಣಗೆಟ್ಟಿವೆ. ಸೊಲ್ಲಾಪುರದಿಂದ ಆರಿಸಿ ತಂದ ಕಡುನೀಲಿ ಟವೆಲುಗಳು. ಒಂದು ದಿನ ನೋಡಿದರೆ ಅವುಗಳ ಮೇಲೆ ಅಲ್ಲಲ್ಲಿ ಬಿಳಿ ಮಚ್ಚೆಗಳು ಎದ್ದಿದ್ದವು. ನಮ್ಮಾಕೆ ಮೊದಲು ಸಾಬೂನಿನ ಪುಡಿಯನ್ನು ಬಯ್ದಳು, ಆಮೇಲೆ ಇಂದಾಪುರದ ನೀರನ್ನು ಬಯ್ದಳು, ಕಡೆಗೆ ಟವೆಲು ಕೊಂಡು ತಂದ ನನ್ನ ಕಡೆಗೂ ಒಮ್ಮೆ ನೋಡಿದಳು. ನಿಜವಾದ ಅಪರಾಧಿ ಸಿಕ್ಕಿದ್ದು ನಮ್ಮ ಅಕ್ಕನ ಮಗಳ ಓದುವ ಮೇಜಿನ ಖಾನೆಯಲ್ಲಿ. ಅದು ಬೆರಳುದ್ದದ ಒಂದು ಟ್ಯೂಬು. ಮೊಡವೆಗೆಂದು ವೈದ್ಯರು ಬರೆದುಕೊಟ್ಟ ಬೆಂಝಾಯಿಲ್ ಪೆರಾಕ್ಸೈಡ್ ಎಂಬ ಜೆಲ್ಲು. ಮುಖಕ್ಕೆ ಹಚ್ಚಿದ ಈ ಔಷಧವು ಬಣ್ಣದ ಬಟ್ಟೆಗೆ ತಾಕಿದರೆ ಅದನ್ನು ಬೆಳ್ಳಗೆ ಮಾಡಿಬಿಡುತ್ತದೆ. ವೈದ್ಯರು ಇದನ್ನೂ ಹೇಳಿದ್ದರು. ನಾನು ಮರೆತಿದ್ದೆ.

ಟವೆಲು ಹೋದರೆ ಹೋಗಲಿ. ಆ ಟ್ಯೂಬಿಗೆ ಮೊದಲು ಮನೆಗೆ ಬಂದ ಇನ್ನೊಂದು ಟ್ಯೂಬಿನ ಕಥೆಯನ್ನು ವಾಚಕರಿಗೆ ಹೇಳಬೇಕಾಗಿದೆ. ಹರೆಯದ ಮಕ್ಕಳಿರುವ ಮನೆಗಳು ನಮ್ಮಲ್ಲಿ ಅನೇಕವಿರುವುದರಿಂದ ಸಂಕೋಚವನ್ನು ಬದಿಗಿಟ್ಟು ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ಬಿ.ಎ. ಮುಗಿಸಿ ಕೇಂದ್ರ ಸರಕಾರದ ಒಂದು ಕಚೇರಿಯಲ್ಲಿ ಕಾರಕೂನಿಕೆ ಮಾಡುವವನು, ವರ್ಗವಾಗಿ ಈ ಊರಿಗೆ ಬಂದವನು. ಉಜನಿ ಜಲಾಶಯದ ದಂಡೆಯ ತಾಲೂಕು ಇದು. ಇಲ್ಲಿ ನಿಂತ ಭೀಮೆಯ ನೀರೇ ಮುಂದೆ ನಮ್ಮ ಇಂಡಿ ಸೀಮೆಗೆ ಹರಿದು ಹೋಗುತ್ತದೆಂಬುದು ಪರಊರಿನಲ್ಲಿ ನಮಗಿರುವ ಸಣ್ಣದೊಂದು ಸಮಾಧಾನ.

ಹೋದ ವರ್ಷ ಜೂನಿನಲ್ಲಿ ಅಕ್ಕನ ಮಗಳು ಹನ್ನೊಂದನೆಯ ಇಯತ್ತೆಗೆಂದು ನಮ್ಮಲ್ಲಿಗೆ ಬಂದಳು. ಬರುವಾಗಲೇ ಹಣೆಯ ಮೇಲೆ ನಾಲ್ಕಾರು ಮೊಡವೆಗಳಿದ್ದವು. ತಿಂಗಳೊಳಗೆ ಗಲ್ಲ, ಗದ್ದ ಎಲ್ಲ ತುಂಬಿದವು. ಇಂಥ ಸಮಯದಲ್ಲಿ ಊರೆಲ್ಲ ವೈದ್ಯರೇ ಅಲ್ಲವೆ? ನೆರೆಯ ಅಜ್ಜಿ ಬೇವಿನೆಲೆ ಅರೆಯಲು ಹೇಳಿದರು. ಒಬ್ಬರು ನಿಂಬೆಹುಳಿ ಎಂದರು, ಇನ್ನೊಬ್ಬರು ಹಲ್ಲುಜ್ಜುವ ಪೇಸ್ಟು ಎಂದರು. ನಮ್ಮ ಅಕ್ಕ ಫೋನಿನಲ್ಲಿಯೇ ಶೇಂಗಾ ಹಿಂಡಿಯನ್ನು ನಿಷೇಧಿಸಿದಳು. ಒಂದು ಬೆಳಿಗ್ಗೆ ಹುಡುಗಿ ಓಢಣಿಯಿಂದ ಅರ್ಧ ಮುಖ ಮುಚ್ಚಿಕೊಂಡು ಬಂದು, “ಮಾಮಾ, ನಾ ಇವತ್ತ ಕಾಲೇಜಿಗೆ ಹೋಗಂಗಿಲ್ಲ. ಎಲ್ಲಾರೂ ಮಾರಿನೇ ನೋಡ್ತಾರ” ಎಂದಳು. ನನಗೆ ತಡೆಯಲಾಗಲಿಲ್ಲ. ಸಂಜೆ ಕಚೇರಿಯಿಂದ ಬರುವಾಗ ಒಂದು ಔಷಧದ ಅಂಗಡಿಯಲ್ಲಿ ನಿಂತು, ಮೊಡವೆಗೆ ಒಳ್ಳೆಯದೇನಾದರೂ ಇದ್ದರೆ ಕೊಡಿರೆಂದೆ. ಚೀಟಿ ಕೇಳಲಿಲ್ಲ. ಒಂದು ಸಣ್ಣ ಟ್ಯೂಬು ಕೊಟ್ಟರು. ತಂದವನು ನಾನೇ ಎಂಬುದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಏನು ಹೇಳಲಿ, ಎಂಟು ದಿನಗಳಲ್ಲಿ ಪವಾಡವೇ ಆಯಿತು! ಗುಳ್ಳೆಗಳು ಅಡಗಿದವು, ಕೆಂಪು ಹೋಯಿತು, ಮುಖವು ಒಂದು ಬಣ್ಣ ತಿಳಿಯಾದಂತೆಯೂ ಕಂಡಿತು. ನೆರೆಯವರು ಮುಲಾಮಿನ ಹೆಸರು ಕೇಳಿದರು. ನಾನು ಹೆಮ್ಮೆಯಿಂದ ಹೇಳಿದೆ. ಒಂದು ಮುಗಿದರೆ ಇನ್ನೊಂದು, ಹೀಗೆ ನಾಲ್ಕು ಟ್ಯೂಬುಗಳಾದವು. ದಸರೆಗೆ ಊರಿಗೆ ಹೋದವಳು ಟ್ಯೂಬನ್ನು ಇಲ್ಲಿಯೇ ಮರೆತು ಹೋದಳು. ನಾಲ್ಕನೆಯ ದಿನ ಅಕ್ಕನ ಫೋನು ಬಂತು: “ಏನ್ ಹಚ್ಚೀರಿ ತಮ್ಮಾ ಈ ಹುಡುಗಿ ಮಾರಿಗೆ? ಬೆಂಕ್ಯಾಗ ಸುಟ್ಟಾಂಗ ಆಗೇದ.” ಹಬ್ಬ ಮುಗಿಸಿ ಬಂದಾಗ ನಾನೂ ನೋಡಿದೆ. ಮುಖವೆಲ್ಲ ಕೆಂಪೇರಿ ಉರಿಯುತ್ತಿತ್ತು. ಮೊದಲಿಗಿಂತ ಇಮ್ಮಡಿ ಗುಳ್ಳೆಗಳು, ಬಹುತೇಕ ಕೀವು ತುಂಬಿದವು. ಬಿಸಿಲಿಗೆ ಹೋದರೆ ಕಣ್ಣೀರು ಬರುವಷ್ಟು ಉರಿ. ಗಲ್ಲದ ಮೇಲೆ ಹಿಂದೆಂದೂ ಇಲ್ಲದ ನವಿರುಗೂದಲು ಬೇರೆ.

ರಜೆ ಹಾಕಿ, ಎಸ್.ಟಿ. ಬಸ್ಸು ಹಿಡಿದು, ನೂರು ಕಿಲೋಮೀಟರಿಗೂ ಮಿಕ್ಕ ದೂರದ ಸೊಲ್ಲಾಪುರಕ್ಕೆ ಅವಳನ್ನು ಕರೆದೊಯ್ದೆ. ಪುಣೆ ಇನ್ನೂ ದೂರ. ಅದಲ್ಲದೆ ಸೊಲ್ಲಾಪುರದಲ್ಲಿ ಕನ್ನಡ ನಡೆಯುತ್ತದೆ, ಹುಡುಗಿ ತನ್ನ ಮಾತಿನಲ್ಲಿಯೇ ಹೇಳಿಕೊಳ್ಳಬಹುದು. ಚರ್ಮವೈದ್ಯರು ಖಾಲಿ ಟ್ಯೂಬನ್ನು ಕೈಗೆತ್ತಿಕೊಂಡು, ಅದರ ಮೇಲಿನ ಸಣ್ಣ ಅಕ್ಷರಗಳನ್ನು ನನ್ನಿಂದಲೇ ಓದಿಸಿದರು. ದಿನವಿಡೀ ಕಾಗದದ ಸಣ್ಣ ಅಕ್ಷರ ಓದುವುದೇ ನನ್ನ ಉದ್ಯೋಗ. ಈ ಒಂದು ಕಾಗದವನ್ನು ಮಾತ್ರ ಓದಿರಲಿಲ್ಲ! ಅದರಲ್ಲಿದ್ದುದು ಮೊಡವೆಯ ಔಷಧವೇ ಅಲ್ಲ, ಸ್ಟಿರಾಯ್ಡ್.

ಸ್ಟಿರಾಯ್ಡ್ ಮುಲಾಮು ಕೆಟ್ಟದ್ದೆಂದಲ್ಲ. ಇಸುಬಿನಂಥ ರೋಗಗಳಲ್ಲಿ, ವೈದ್ಯರ ಲೆಕ್ಕದ ಪ್ರಕಾರ ಕೆಲ ದಿನ ಹಚ್ಚಿದರೆ ಅದು ದೊಡ್ಡ ಉಪಕಾರಿ. ಅದರ ಗುಣವೆಂದರೆ ಉರಿಯೂತವನ್ನು ತಕ್ಷಣ ಅಡಗಿಸುವುದು, ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸುವುದು. ಆದುದರಿಂದಲೇ ಮುಖ ಬೆಳ್ಳಗಾದಂತೆ ಕಾಣುತ್ತದೆ. ಮೊಡವೆಯ ಮೂಲಕ್ಕೆ ಅದು ಕೈಯನ್ನೇ ಹಾಕುವುದಿಲ್ಲ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಒಳಗಿನ ನಾಳಗಳು ಕೆಂಪು ಎಳೆಗಳಾಗಿ ಮೇಲೆ ಕಾಣುತ್ತವೆ, ಕೂದಲು ಬೆಳೆಯುತ್ತದೆ, ಹೊಸ ಮೊಡವೆಗಳನ್ನು ತಾನೇ ಹುಟ್ಟಿಸುತ್ತದೆ. ಬಿಟ್ಟರೆ ಅಡಗಿದ್ದ ಉರಿಯೆಲ್ಲ ಒಮ್ಮೆಲೇ ಮೇಲೇಳುತ್ತದೆ. ಹೆದರಿದವರು ಮತ್ತೆ ಅದನ್ನೇ ಹಚ್ಚುತ್ತಾರೆ. ಚಟವೆಂದರೆ ಇದೇ ಅಲ್ಲವೆ?

ನಮ್ಮದು ಒಂಟಿ ಮನೆಯ ಕಥೆಯಲ್ಲ. ೨೦೧೧ರಲ್ಲಿ ಭಾರತದ ಚರ್ಮವೈದ್ಯರ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ದೇಶದ ೧೨ ಕೇಂದ್ರಗಳಲ್ಲಿ ಮುಖದ ತೊಂದರೆಗೆಂದು ಬಂದ ೨೯೨೬ ಜನರನ್ನು ವಿಚಾರಿಸಲಾಗಿತ್ತು. ಅವರಲ್ಲಿ ೪೩೩ ಜನ ಮುಖಕ್ಕೆ ಸ್ಟಿರಾಯ್ಡ್ ಹಚ್ಚುತ್ತಿದ್ದರು. ಸುಮಾರು ನಾಲ್ಕರಲ್ಲೊಂದು ಪಾಲಿನ ಜನ ಹಚ್ಚಿದ್ದುದು ಮೊಡವೆಗೆಂದು. ಅರ್ಧಕ್ಕೂ ಹೆಚ್ಚು ಜನರಿಗೆ ಅದನ್ನು ಹೇಳಿಕೊಟ್ಟವರು ವೈದ್ಯರಲ್ಲ. ೨೦೧೮ರ ಮಾರ್ಚಿಯಲ್ಲಿ ಭಾರತ ಸರಕಾರವು ಇಂಥ ಹದಿನಾಲ್ಕು ಸ್ಟಿರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಆಜ್ಞೆ ಹೊರಡಿಸಿತು. ಆಜ್ಞೆ ಹೊರಡಿಸುವುದಕ್ಕೂ ಅದು ಅಂಗಡಿಯ ಕಟ್ಟೆಯವರೆಗೆ ಬಂದು ಮುಟ್ಟುವುದಕ್ಕೂ ಎಷ್ಟು ಅಂತರವಿರುತ್ತದೆಂಬುದನ್ನು ಸರಕಾರಿ ಕಾರಕೂನನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಟ್ಯೂಬಿನ ಮೇಲೆ ಬೆಟಮೆಥಸೋನ್, ಮೊಮೆಟಸೋನ್, ಕ್ಲೊಬೆಟಸಾಲ್, ಫ್ಲುಒಸಿನೊಲೋನ್ ಎಂಬ ಹೆಸರುಗಳಿದ್ದರೆ ಅದು ಸ್ಟಿರಾಯ್ಡ್ ಎಂದು ತಿಳಿಯಿರಿ. ‘ಸೋನ್’, ‘ಲೋನ್’ ಎಂದು ಕೊನೆಯಾಗುವ ಹೆಸರು ಕಂಡರೆ ಕೊಂಡುಕೊಳ್ಳುವ ಮೊದಲು ವೈದ್ಯರನ್ನು ಕೇಳಬೇಕೆಂದು ನಾನು ಗುರುತಿಟ್ಟುಕೊಂಡಿದ್ದೇನೆ.

ಹಾಗಾದರೆ ಮೊಡವೆಯ ಮೂಲವೆಲ್ಲಿದೆ? ಸುಶ್ರುತ ಸಂಹಿತೆಯಲ್ಲಿ ಇದಕ್ಕೆ ಮುಖದೂಷಿಕಾ ಎಂದು ಹೆಸರಿಟ್ಟು, ಬೂರುಗದ ಮರದ ಮುಳ್ಳಿಗೆ ಹೋಲಿಸಿದ್ದಾರೆ. ಹರೆಯದವರ ಮುಖದಲ್ಲಿ ಹುಟ್ಟುವಂಥದೆಂದೂ ಹೇಳಿದ್ದಾರೆ. ನಮ್ಮ ಮರಾಠಿ ನೆರೆಯವರ ಪುಸ್ತಕದ ಮಾತು ತಾರುಣ್ಯಪೀಟಿಕಾ. ಹರೆಯದಲ್ಲಿ ದೇಹದೊಳಗಿನ ರಸಗಳ ಪ್ರೇರಣೆಯಿಂದ ಚರ್ಮದ ಜಿಡ್ಡಿನ ಗ್ರಂಥಿಗಳು ಹೆಚ್ಚು ಕೆಲಸ ಮಾಡತೊಡಗುತ್ತವೆ. ಅದೇ ಕಾಲಕ್ಕೆ ಕೂದಲಿನ ರಂಧ್ರದ ಒಳಗೋಡೆಯಿಂದ ಉದುರುವ ಸತ್ತ ಕಣಗಳು ಒಂದಕ್ಕೊಂದು ಅಂಟಿಕೊಂಡು ಬಾಯಿ ಕಟ್ಟುತ್ತವೆ. ಒಳಗೆ ಉಳಿದ ಜಿಡ್ಡಿನಲ್ಲಿ ಚರ್ಮದ ಮೇಲೆ ಯಾವಾಗಲೂ ಇರುವ ಒಂದು ಸೂಕ್ಷ್ಮಜೀವಿ ಬೆಳೆದು ಉರಿಯೂತವನ್ನು ತರುತ್ತದೆ. ಕಣ್ಣಿಗೆ ಕಾಣದ ಈ ಕಟ್ಟುವಿಕೆಯು ಗುಳ್ಳೆಯಾಗಿ ಮೇಲೆ ಕಾಣಲು ವಾರಗಟ್ಟಲೆ ಹಿಡಿಯುತ್ತದೆ. ಇಂದು ಕನ್ನಡಿಯಲ್ಲಿ ಕಂಡ ಮೊಡವೆ ಎಂದೋ ಒಳಗೆ ಆರಂಭವಾಗಿದ್ದುದು. ಆದುದರಿಂದ ಎಂಟು ದಿನಗಳಲ್ಲಿ ಗುಣಪಡಿಸುತ್ತೇನೆನ್ನುವ ಯಾವ ಔಷಧವನ್ನಾದರೂ ಸಂಶಯದಿಂದಲೇ ನೋಡಬೇಕು.

ಸೊಲ್ಲಾಪುರದ ವೈದ್ಯರು ಕೂಡಲೇ ಜೆಲ್ಲು ಕೊಡಲಿಲ್ಲ. ಸುಟ್ಟ ನೆಲದಲ್ಲಿ ಯಾರೂ ಬಿತ್ತುವುದಿಲ್ಲವೆಂದರು. ಮೊದಲು ಸ್ಟಿರಾಯ್ಡನ್ನು ಬಿಡಿಸಿ, ಮುಖ ತಣಿಯಲು ಸಾದಾ ತೇವದ ಲೇಪ, ಬಿಸಿಲಿಗೆ ತಡೆಯುವ ಲೇಪ, ಹೊಟ್ಟೆಗೆ ಕೆಲ ದಿನ ಮಾತ್ರೆ. ಆ ಆರೇಳು ವಾರ ಮನೆಯಲ್ಲಿ ಯಾರಿಗೂ ಸುಖವಿರಲಿಲ್ಲ. ಹುಡುಗಿ ಎರಡು ಸಲ ಹಳೆಯ ಟ್ಯೂಬು ಕೇಳಿದಳು. ನಮ್ಮಾಕೆ ಅದನ್ನು ಕಸದ ಗಾಡಿಗೆ ಹಾಕಿಬಿಟ್ಟಿದ್ದು ಒಳ್ಳೆಯದಾಯಿತು.

ಡಿಸೆಂಬರಿನಲ್ಲಿ ಚೀಟಿಯ ಮೇಲೆ ಎರಡು ಹೆಸರು ಬಂದವು: ರಾತ್ರಿಗೆ ಅಡಾಪಲೀನ್, ಬೆಳಿಗ್ಗೆಗೆ ಬೆಂಝಾಯಿಲ್ ಪೆರಾಕ್ಸೈಡ್. ಅಡಾಪಲೀನ್ ಎ ಜೀವಸತ್ವದ ಬಳಗಕ್ಕೆ ಸೇರಿದ ಔಷಧ. ರಂಧ್ರದ ಬಾಯಿ ಕಟ್ಟದಂತೆ ನೋಡಿಕೊಳ್ಳುವುದು, ಎಂದರೆ ಮೊಡವೆಯ ಬೇರಿಗೇ ಹೋಗುವುದು, ಅದರ ಕೆಲಸ. ಈ ಬಳಗದ ಹಿರಿಯಣ್ಣ ಟ್ರೆಟಿನಾಯಿನ್. ಮೊಡವೆಗೆ ಅದರ ಉಪಯೋಗವನ್ನು ೧೯೬೯ರಲ್ಲಿ ಫಿಲಡೆಲ್ಫಿಯಾದ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಅವರ ಸಂಗಡಿಗರು ಪ್ರಕಟಿಸಿದರು. ೧೯೭೧ರಲ್ಲಿ ಅಮೇರಿಕೆಯ ಸರಕಾರ ಅದಕ್ಕೆ ಒಪ್ಪಿಗೆ ಕೊಟ್ಟಿತು. ಇದೇ ಕ್ಲಿಗ್‌ಮನ್ ಆ ಊರಿನ ಹೋಮ್ಸ್‌ಬರ್ಗ್ ಸೆರೆಮನೆಯ ಕೈದಿಗಳ ಚರ್ಮದ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿದವರು. ೧೯೭೪ರಲ್ಲಿ ಅದು ನಿಂತಿತು. ಓದಿದ ಮೇಲೆ ಆ ಟ್ಯೂಬನ್ನು ನೋಡಿದಾಗೊಮ್ಮೆ ಆ ಕೈದಿಗಳ ನೆನಪಾಗುತ್ತದೆ. ಅಡಾಪಲೀನ್ ಚರ್ಮಕ್ಕೆ ಹೆಚ್ಚು ಸೌಮ್ಯ. ಅಮೇರಿಕೆಯಲ್ಲಿ ೧೯೯೬ರಲ್ಲಿ ಒಪ್ಪಿಗೆ ಪಡೆದು, ೨೦೧೬ರಿಂದ ಅದರ ೦.೧ ಪ್ರತಿಶತದ ಜೆಲ್ಲು ಅಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. ನಮ್ಮ ದೇಶದಲ್ಲಿ ಚೀಟಿ ಬೇಕು. ನಮ್ಮ ಅನುಭವವಾದ ಮೇಲೆ ನನಗೆ ಅದೇ ಸರಿಯೆನಿಸಿದೆ.

ಬೆಂಝಾಯಿಲ್ ಪೆರಾಕ್ಸೈಡ್ ಸೂಕ್ಷ್ಮಜೀವಿಯನ್ನು ಕೊಲ್ಲುತ್ತದೆ. ಶಕ್ತಿ ಹೆಚ್ಚಿದಷ್ಟೂ ಗುಣ ಹೆಚ್ಚೆಂದು ಭಾವಿಸಬಾರದು, ೨.೫ ಪ್ರತಿಶತದ್ದು ೧೦ ಪ್ರತಿಶತದ್ದಕ್ಕೆ ಸಮನಾಗಿ ಕೆಲಸ ಮಾಡುತ್ತದೆ, ಉರಿ ಮಾತ್ರ ಕಡಿಮೆಯೆಂದು ೧೯೮೬ರಷ್ಟು ಹಿಂದೆಯೇ ಕಂಡುಕೊಂಡಿದ್ದಾರೆ. ಕ್ಲಿಂಡಾಮೈಸಿನ್ ಎಂಬ ಇನ್ನೊಂದು ಜೆಲ್ಲು ಅಂಗಡಿಗಳಲ್ಲಿ ಬಹಳ ಪ್ರಸಿದ್ಧ. ಅದು ಪ್ರತಿಜೀವಕ, ಅದೊಂದನ್ನೇ ತಿಂಗಳುಗಟ್ಟಲೆ ಹಚ್ಚಿದರೆ ಸೂಕ್ಷ್ಮಜೀವಿಗಳು ಅದಕ್ಕೆ ಬಗ್ಗದಂತಾಗುತ್ತವೆ. ಆದುದರಿಂದ ತಿಳಿದ ವೈದ್ಯರು ಅದನ್ನು ಬೆಂಝಾಯಿಲ್ ಪೆರಾಕ್ಸೈಡಿನ ಜೊತೆಗೇ ಕೊಡುತ್ತಾರೆ.

ಹಚ್ಚುವ ರೀತಿಯಲ್ಲಿಯೂ ನಾವು ತಪ್ಪಿದೆವು. ಅವಸರದ ಹುಡುಗಿ ಮೊದಲ ವಾರದಲ್ಲಿಯೇ ಅಡಾಪಲೀನನ್ನು ಗಂಧ ಬಳಿದಂತೆ ದಪ್ಪಗೆ, ಅದೂ ಗುಳ್ಳೆಯಿದ್ದಲ್ಲಿ ಮಾತ್ರ ಹಚ್ಚಿ, ಸಿಪ್ಪೆ ಸುಲಿಯುವಂತೆ ಮಾಡಿಕೊಂಡಳು. “ಮಾಮಾ, ಇದೂ ಅದರಂಗನ ಸುಡ್ತದ” ಎಂದು ಅತ್ತಳು. ವೈದ್ಯರಿಗೆ ಫೋನು ಮಾಡಿದೆ. ಇಡೀ ಮುಖಕ್ಕೆ ವಟಾಣಿ ಕಾಳಿನಷ್ಟು ಸಾಕು. ಸೌಮ್ಯ ಸಾಬೂನಿನಿಂದ ಮುಖ ತೊಳೆದು, ಒರೆಸಿ, ಚೆನ್ನಾಗಿ ಒಣಗಿದ ಮೇಲೆ ಹಣೆ, ಗಲ್ಲ, ಗದ್ದಗಳಿಗೆ ಚುಕ್ಕೆಯಿಟ್ಟು ತೆಳುವಾಗಿ ಹರಡಬೇಕು. ಕಣ್ಣಿನ ಅಂಚು, ತುಟಿ, ಮೂಗಿನ ಹೊಳ್ಳೆಗಳನ್ನು ಬಿಡಬೇಕು. ಮೊದಲು ದಿನ ಬಿಟ್ಟು ದಿನ, ಚರ್ಮ ಒಗ್ಗಿದ ಮೇಲೆ ಪ್ರತಿ ರಾತ್ರಿ. ಒಣಗಿದರೆ ತೇವದ ಲೇಪ. ಹಗಲು ಬಿಸಿಲಿನ ಲೇಪವನ್ನು ತಪ್ಪಿಸಬಾರದು. ಮೊದಲ ವಾರಗಳಲ್ಲಿ ಗುಳ್ಳೆ ಸ್ವಲ್ಪ ಹೆಚ್ಚಿದಂತೆಯೂ ಕಾಣಬಹುದು. ಹನ್ನೆರಡು ವಾರದ ಮೊದಲು ತೀರ್ಮಾನ ಬೇಡ. ಗರ್ಭಿಣಿಯರು ಮತ್ತು ಗರ್ಭವನ್ನು ಬಯಸುತ್ತಿರುವವರು ಅಡಾಪಲೀನನ್ನಾಗಲಿ ಟ್ರೆಟಿನಾಯಿನನ್ನಾಗಲಿ ಹಚ್ಚಕೂಡದೆಂದು ವೈದ್ಯರು ಒತ್ತಿ ಹೇಳಿದರು. ಹೊಸದಾಗಿ ಮದುವೆಯಾದ ತಂಗಿಯರು ಇದನ್ನು ಗಮನಿಸಬೇಕು. ಒಬ್ಬರ ಟ್ಯೂಬನ್ನು ಇನ್ನೊಬ್ಬರು ಹಚ್ಚುವ ಪದ್ಧತಿ ನಮ್ಮ ಮನೆಗಳಲ್ಲಿ ಬಹಳ.

ನಾನು ಗೋಡೆಯ ದಿನದರ್ಶಿಕೆಯಲ್ಲಿ ಕಚೇರಿಯ ಆವಕ-ಜಾವಕ ದಫ್ತರದಂತೆ ಪ್ರತಿ ರಾತ್ರಿಗೊಂದು ಗೆರೆ ಎಳೆಯಹತ್ತಿದೆ. ಐದನೆಯ ವಾರ ಹುಡುಗಿ ನಿರಾಶಳಾದಳು. ಎಂಟನೆಯ ವಾರಕ್ಕೆ ಹೊಸ ಗುಳ್ಳೆ ಕಡಿಮೆಯಾದುದನ್ನು ನಮ್ಮಾಕೆ ಗುರುತಿಸಿದಳು, ಹುಡುಗಿ ನಂಬಲಿಲ್ಲ. ಈ ನಡುವೆ ತಲೆಗೆಣ್ಣೆ ಹಣೆಗೆ ಇಳಿಯುವಂತೆ ಹಚ್ಚುವುದನ್ನು ಬಿಡಿಸಿದೆವು. ಎಣ್ಣೆಯಿಂದಲೂ ಹಣೆಯ ರಂಧ್ರಗಳು ಕಟ್ಟುತ್ತವಂತೆ. ಶೇಂಗಾ ಹಿಂಡಿಗೆ ಮಾತ್ರ ವೈದ್ಯರು ಬಿಡುಗಡೆ ಕೊಟ್ಟರು. ಬಿಡಬೇಕಾದುದಿದ್ದರೆ ಸಕ್ಕರೆ, ಸಿಹಿ ತಿಂಡಿಗಳನ್ನು ಕಡಿಮೆ ಮಾಡಿರೆಂದರು. ಸುತ್ತಲೂ ಕಬ್ಬೇ ಇರುವ ಈ ತಾಲೂಕಿನಲ್ಲಿ, ಪಾಕದಂಥ ಚಹಾ ಕೊಡುವ ನೆರೆಹೊರೆಯಲ್ಲಿ, ಇದು ಎಲ್ಲಕ್ಕಿಂತ ಕಠಿಣ ಪಥ್ಯ.

ಮಾರ್ಚಿಯ ಹೊತ್ತಿಗೆ ಗುಳ್ಳೆಗಳು ಬೆರಳೆಣಿಕೆಗೆ ಬಂದವು. ಕಪ್ಪು ಕಲೆಗಳು ಉಳಿದಿವೆ. ನಮ್ಮಂಥ ಮೈಬಣ್ಣದವರಲ್ಲಿ ಅವು ಮಾಸಲು ತಿಂಗಳುಗಳೇ ಬೇಕು. ಗಲ್ಲದ ಕೆಂಪು ಎಳೆಗಳು ಪೂರ್ತಿ ಹೋಗಲಿಕ್ಕಿಲ್ಲವೆಂದು ವೈದ್ಯರು ಹುಡುಗಿಗೆ ಕೇಳದಂತೆ ನನ್ನೊಬ್ಬನಿಗೇ ಹೇಳಿದ್ದಾರೆ. ಅವಳು ಈಗ ಓಢಣಿಯನ್ನು ಬಿಸಿಲಿಗೆ ಮಾತ್ರ ಕಟ್ಟುತ್ತಾಳೆ. ಬೇಸಿಗೆಯೆಂದು ಟ್ಯೂಬುಗಳನ್ನು ಕಿಟಕಿಯಿಂದ ತೆಗೆದು ತಂಪಾದ ಗೂಡಿನಲ್ಲಿಟ್ಟಿದ್ದೇವೆ. ಬಿಳಿಯ ಟವೆಲು ಎರಡು ಕೊಂಡಿದ್ದೇವೆ.

ಹೋದ ವಾರ ಅಕ್ಕ ಮತ್ತೆ ಫೋನು ಮಾಡಿದ್ದಳು. ಕ್ಷೇಮ ಸಮಾಚಾರವಾದ ಮೇಲೆ, “ತಮ್ಮಾ, ಆ ಮೊದಲಿನ ಮುಲಾಮಿನ ಹೆಸರ ಏನಂದಿ? ಅದ, ಎಂಟ ದಿನದಾಗ ಮಾರಿ ಸ್ವಚ್ಛ ಆಗಿತ್ತಲ್ಲ. ಬಾಜೂಮನಿ ಹುಡುಗಿ ಮದುವಿ ಐತಿ, ಕೇಳ್ಯಾರ” ಎಂದಳು. ನಾನು ಹೆಸರು ಹೇಳಲಿಲ್ಲ. ಇಂಡಿ ರೋಡಿನಿಂದ ಸೊಲ್ಲಾಪುರಕ್ಕೆ ರೈಲಿದೆ, ಹುಡುಗಿಯನ್ನು ಕರೆದುಕೊಂಡು ಬರಲು ಹೇಳು, ನಾನೂ ಅಲ್ಲಿಗೆ ಬರುತ್ತೇನೆಂದೆ. ಬರುವ ಶನಿವಾರ ಹೋಗಬೇಕಾಗಿದೆ. ರಜೆಯ ಅರ್ಜಿ ಕೊಟ್ಟಿದ್ದೇನೆ.