ಮುದ್ದೆಮಾಲಿನ ಪೆಟ್ಟಿಗೆಯಲ್ಲಿ ಮನೆಯ ಹೆಣ್ಣುಮಗಳು

ಪಕ್ಷಮಾಸದಲ್ಲಿ, ಮಹಾಲಯ ಅಮಾವಾಸ್ಯೆಯ ಹಿಂದಿನ ದಿನಕ್ಕೆ ಪಂಚಾಂಗದಲ್ಲೊಂದು ಹೆಸರಿದೆ: ಘಾತ ಚತುರ್ದಶಿ. ಆಯುಧದಿಂದ ಸತ್ತವರಿಗೆ, ಕೊಲೆಯಾದವರಿಗೆ ಮೀಸಲಾದ ದಿನ. ಅವರು ತೀರಿಹೋದ ತಿಥಿ ಯಾವುದೇ ಇರಲಿ, ಪಕ್ಷದಲ್ಲಿ ಅವರಿಗೆ ಎಲೆ ಹಾಕುವುದು ಅಂದೇ. ಚುರುಕು ಬುದ್ಧಿಯ ಮಕ್ಕಳಿಗೆ ಒಂದಲ್ಲ ಒಂದು ವರ್ಷ ಇದು ಹೊಳೆಯುತ್ತದೆ: ಉಳಿದ ಹಿರಿಯರಿಗೆಲ್ಲ ಅವರವರ ತಿಥಿ, ಗೋಡೆಯ ಮೇಲಿನ ಫೋಟೊದಲ್ಲಿರುವ ಆ ಒಬ್ಬರಿಗೆ ಮಾತ್ರ ಯಾಕೆ ಚತುರ್ದಶಿ? ಕೇಳಿದರೆ ಉತ್ತರ ಸಿಗುವುದಿಲ್ಲ. "ಊಟ ಮಾಡೋವಾಗ ಅದೆಲ್ಲ ಯಾಕೆ, ಪಾಯಸ ಬಡಿಸ್ಕೋ" ಎನ್ನುತ್ತಾರೆ. ಮನೆ ನುಂಗಿಕೊಂಡದ್ದನ್ನು ಪಂಚಾಂಗ ಹೇಳಿಬಿಟ್ಟಿರುತ್ತದೆ.

ಅಮೆರಿಕದ ಕವಯಿತ್ರಿ, ಪ್ರಬಂಧಕಾರ್ತಿ ಮ್ಯಾಗಿ ನೆಲ್ಸನ್ ಬೆಳೆದ ಮನೆಯಲ್ಲಿ ಇಂಥ ತಿಥಿ ಇರಲಿಲ್ಲ. ಅಲ್ಲಿ ಗುಟ್ಟು ಬಿಟ್ಟುಕೊಟ್ಟದ್ದು ಅಜ್ಜನ ಬಾಯಿತಪ್ಪು. ಮೊಮ್ಮಗಳನ್ನು ಅವರು ಆಗಾಗ "ಜೇನ್" ಎಂದು ಕರೆದುಬಿಡುತ್ತಿದ್ದರು. ಜೇನ್ ಎಂದರೆ ಅಜ್ಜನ ಇನ್ನೊಬ್ಬ ಮಗಳು, ಮ್ಯಾಗಿಯ ತಾಯಿಯ ಒಡಹುಟ್ಟಿದವಳು. ಮ್ಯಾಗಿ ಹುಟ್ಟುವುದಕ್ಕೆ ನಾಲ್ಕು ವರ್ಷ ಮೊದಲೇ ಕೊಲೆಯಾದವಳು.

1969ರ ಮಾರ್ಚ್. ಜೇನ್ ಮಿಕ್ಸರ್‌ಗೆ 23 ವರ್ಷ. ಆನ್ ಆರ್ಬರ್‌ನಲ್ಲಿರುವ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಪದವಿಯ ಮೊದಲ ವರ್ಷ. ರಜೆಗೆ ತನ್ನೂರು ಮಸ್ಕೀಗನ್‌ಗೆ ಹೋಗಬೇಕಿತ್ತು. ಮದುವೆಯಾಗುವ ಹುಡುಗನನ್ನು ತಾನೇ ಆರಿಸಿಕೊಂಡಿದ್ದೇನೆಂದು ಅಪ್ಪ ಅಮ್ಮನಿಗೆ ಹೇಳುವುದು ಬಾಕಿಯಿತ್ತು. ಆ ಕ್ಯಾಂಪಸ್ಸಿನಲ್ಲೊಂದು ಫಲಕವಿತ್ತು. ಇಂಥ ಊರಿಗೆ ಕಾರಿನಲ್ಲಿ ಜಾಗ ಬೇಕು ಎಂದು ಚೀಟಿ ಅಂಟಿಸಿದರೆ, ಅದೇ ದಾರಿಯಲ್ಲಿ ಹೋಗುವವರು ಫೋನ್ ಮಾಡುತ್ತಿದ್ದರು. ಜೇನ್ ಚೀಟಿ ಅಂಟಿಸಿದಳು, ಫೋನೂ ಬಂತು. ಹೆಸರು ಡೇವಿಡ್ ಜಾನ್ಸನ್ ಎಂದು ಹೇಳಿಕೊಂಡಿದ್ದ. 20ರ ಸಂಜೆ ಹೊರಟವಳು ಮನೆ ಸೇರಲಿಲ್ಲ. ಮರುದಿನ ಬೆಳಿಗ್ಗೆ ಡೆಂಟನ್ ಎಂಬಲ್ಲಿಯ ಸಣ್ಣ ಸ್ಮಶಾನದಲ್ಲಿ ಹೆಣ ಸಿಕ್ಕಿತು. ತಲೆಗೆ ಎರಡು ಗುಂಡು, ಕುತ್ತಿಗೆಗೆ ಬಿಗಿದ ಉದ್ದ ಕಾಲುಚೀಲ. ಆ ಕಾಲುಚೀಲ ಅವಳದಾಗಿರಲಿಲ್ಲ. ಮೈಮೇಲೆ ಅವಳದೇ ಮಳೆಕೋಟು ಹೊದಿಸಿತ್ತು. ಪಕ್ಕದಲ್ಲಿ ಅವಳ ಸೂಟ್‌ಕೇಸು, ಜೊತೆಗೆ ಒಂದು ಪುಸ್ತಕ: ಜೋಸೆಫ್ ಹೆಲರ್‌ನ 'ಕ್ಯಾಚ್ 22'. ದಾರಿಯಲ್ಲಿ ಓದಿಕೊಳ್ಳಲೆಂದು ತಂದಿದ್ದಳೋ ಏನೋ. ಕೊಂದವನು ಅದನ್ನೂ ಮರೆಯದೆ ತಂದು ಹೆಣದ ಮಗ್ಗುಲಲ್ಲಿ ಇಟ್ಟುಹೋಗಿದ್ದ. ಗುಂಡಿಗಿಂತ ನನ್ನನ್ನು ಹೆಚ್ಚು ಕಾಡುವುದು ಈ ಅಚ್ಚುಕಟ್ಟು.

1967ರಿಂದ 69ರ ನಡುವೆ ಆ ಸುತ್ತಿನಲ್ಲಿ ಒಟ್ಟು ಏಳು ಹೆಣ್ಣುಮಕ್ಕಳ ಕೊಲೆಯಾಗಿತ್ತು. ಅವುಗಳಲ್ಲಿ ಒಂದರಲ್ಲಿ ಜಾನ್ ನಾರ್ಮನ್ ಕಾಲಿನ್ಸ್ ಎಂಬಾತನಿಗೆ 1970ರಲ್ಲಿ ಶಿಕ್ಷೆಯಾಯಿತು. ಉಳಿದವೂ ಅವನವೇ ಇರಬೇಕೆಂದು ಊರು ಅಂದುಕೊಂಡಿತು, ಮನೆಯವರೂ ಹಾಗೇ ಅಂದುಕೊಂಡರು. ಜೇನ್ ಕೊಲೆಯ ಆರೋಪವನ್ನು ಅವನ ಮೇಲೆ ಯಾರೂ ಹೊರಿಸಲೇ ಇಲ್ಲ.

ಮೂವತ್ತು ವರ್ಷದ ಮೇಲೆ ಮ್ಯಾಗಿ ಈ ಕತೆಗೆ ಕೈಹಾಕಿದಾಗ ಕೊಲೆಗಾರ ಯಾರೆಂಬ ಹಟ ಆಕೆಗಿರಲಿಲ್ಲ. ಜೇನ್ ಹುಡುಗಿಯಾಗಿದ್ದಾಗ ಬರೆದ ದಿನಚರಿಗಳು ಸಿಕ್ಕಿದ್ದವು. ಅವನ್ನೂ ಹಳೆಯ ಪತ್ರಿಕೆಗಳನ್ನೂ ಮುಂದಿಟ್ಟುಕೊಂಡು, ಸತ್ತ ರೀತಿಯೊಂದರಿಂದಲೇ ನೆನಪಿನಲ್ಲಿ ಉಳಿದವಳಿಗೆ ಬದುಕಿದ್ದ ಒಬ್ಬ ಹುಡುಗಿಯ ಮುಖ ಕೊಡಲು ಹೊರಟಿದ್ದರು. ಪದ್ಯ, ಗದ್ಯ, ದಿನಚರಿಯ ತುಣುಕು ಎಲ್ಲ ಬೆರೆತ ಪುಸ್ತಕ, 'ಜೇನ್: ಎ ಮರ್ಡರ್', ಅಚ್ಚಿಗೆ ಸಿದ್ಧವಾಯಿತು. 2005ರಲ್ಲಿ ಹೊರಬರುವುದಿತ್ತು.

2004ರ ನವೆಂಬರಿನಲ್ಲಿ ಮಿಷಿಗನ್ ಪೊಲೀಸರಿಂದ ಮ್ಯಾಗಿಯ ತಾಯಿಗೆ ಫೋನ್ ಬಂತು. ಆರೋಪಿ ಸಿಕ್ಕಿದ್ದಾನೆ, ಅವನು ಕಾಲಿನ್ಸ್ ಅಲ್ಲ.

ಸಿಕ್ಕಿದ್ದು ಹೇಗೆಂದರೆ, ಮುದ್ದೆಮಾಲಿನ ಪೆಟ್ಟಿಗೆ, ಅಂದರೆ ಪ್ರಕರಣದಲ್ಲಿ ವಶಪಡಿಸಿಕೊಂಡ ವಸ್ತುಗಳ ಪೆಟ್ಟಿಗೆ, ಉಳಿದಿತ್ತು. ಜೇನ್‌ಳ ವಸ್ತುಗಳನ್ನು ಮೂರು ದಶಕ ಯಾರೂ ಎಸೆದಿರಲಿಲ್ಲ. ಪ್ರಯೋಗಾಲಯದಲ್ಲಿ ಅವುಗಳಿಂದ ತೆಗೆದ ಡಿಎನ್‌ಎ ಗ್ಯಾರಿ ಲೈಟರ್‌ಮನ್ ಎಂಬ 62 ವರ್ಷದ ನಿವೃತ್ತ ನರ್ಸ್‌ನದಕ್ಕೆ ತಾಳೆಯಾಯಿತು. ನಕಲಿ ಔಷಧ ಚೀಟಿಯ ಪ್ರಕರಣವೊಂದರಲ್ಲಿ ಶಿಕ್ಷೆಯಾಗಿದ್ದರಿಂದ ಅವನ ಮಾದರಿ ಸರ್ಕಾರದ ದಾಖಲೆಯಲ್ಲಿ ಇತ್ತು.

ನಮ್ಮಲ್ಲಿ ಇಂಥ ಪೆಟ್ಟಿಗೆ ಉಳಿಯುವುದು ಕಷ್ಟ. ಸೆಷನ್ಸ್ ಕೋರ್ಟಿನ ಹಳೆಯ ತೀರ್ಪೊಂದರ ನಕಲು ತೆಗೆಸಿದವರಿಗೆ ಅದರ ಕೊನೆಯ ಸಾಲುಗಳು ಗೊತ್ತಿರುತ್ತವೆ: ಬೆಲೆಬಾಳುವ ಮುದ್ದೆಮಾಲು ವಾರಸುದಾರರಿಗೆ, ಬೆಲೆಯಿಲ್ಲದ್ದು ಮೇಲ್ಮನವಿಯ ಅವಧಿ ಮುಗಿದ ಮೇಲೆ ನಾಶ. ರಕ್ತ ಹತ್ತಿದ ಸೀರೆ, ಹರಿದ ಅಂಗಿ ಎಲ್ಲ ಕೋರ್ಟಿನ ಲೆಕ್ಕದಲ್ಲಿ ಬೆಲೆಯಿಲ್ಲದ್ದೇ. ಮನೆಯವರಿಗೆ ಬೇಕಾದದ್ದು ಮಾತ್ರ ಅದೇ. ಚಿನ್ನದ ಸರ ಮನೆಗೆ ಬರುತ್ತದೆ, ಸೀರೆ ಸುಟ್ಟುಹೋಗುತ್ತದೆ. ಆರೋಪಿಯೇ ಪತ್ತೆಯಾಗದೆ ಪೊಲೀಸರು 'ಸಿ ರಿಪೋರ್ಟ್' ಹಾಕಿ ಮುಚ್ಚಿದ ಪ್ರಕರಣವಾದರೆ ತೀರ್ಪೂ ಇಲ್ಲ. ಕೊಲೆಯ ಮೊಕದ್ದಮೆಗೆ ಕಾಲಮಿತಿ ಇಲ್ಲ, ಐವತ್ತು ವರ್ಷದ ಮೇಲೂ ಹೂಡಬಹುದು. ಆದರೆ ಅಷ್ಟು ಹೊತ್ತಿಗೆ ಉಳಿದಿರುವುದೇನು? ಅದೃಷ್ಟವಿದ್ದರೆ ಶವ ಪಂಚನಾಮೆಯ ಮಾಸಿದೊಂದು ಪ್ರತಿ. ನನ್ನನ್ನು ಕೇಳಿದರೆ ಕಡತದಲ್ಲಿ ಮೊದಲು ಓದಬೇಕಾದ ಹಾಳೆ ಅದು. ಸೀರೆಯ ಬಣ್ಣ, ಕೈಬಳೆ, ಸೆರಗಿನ ಗಂಟಿನಲ್ಲಿದ್ದ ಚಿಲ್ಲರೆ ಎಲ್ಲವನ್ನೂ ಬಿಡದೆ ಪಟ್ಟಿ ಮಾಡಿರುತ್ತಾರೆ. ಆ ಮನುಷ್ಯರ ಕೊನೆಯ ದಿನ ಹೇಗಿತ್ತೆಂದು ಮನೆಯವರೂ ಅಷ್ಟು ವಿವರವಾಗಿ ಹೇಳಿರುವುದಿಲ್ಲ.

2005ರ ಜುಲೈನಲ್ಲಿ ಆನ್ ಆರ್ಬರ್‌ನಲ್ಲಿ ವಿಚಾರಣೆ ನಡೆಯಿತು. ಮ್ಯಾಗಿ ತಾಯಿಯ ಜೊತೆ ಕೋರ್ಟಿನಲ್ಲಿ ಕೂತರು. ಜೇನ್‌ಳ ಶವಪರೀಕ್ಷೆಯ ಚಿತ್ರಗಳನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸುವಾಗಲೂ ಇದ್ದರು. ಕ್ಯಾಂಪಸ್ಸಿನಲ್ಲಿ ಸಿಕ್ಕ ಫೋನ್ ಡೈರೆಕ್ಟರಿಯ ಮೇಲೆ ಜೇನ್‌ಳ ಅಡ್ಡಹೆಸರನ್ನೂ ಊರನ್ನೂ ಯಾರೋ ಗೀಚಿದ್ದರು. ಆ ಬರಹ ಲೈಟರ್‌ಮನ್‌ನದೇ ಎಂದು ಕೈಬರಹ ತಜ್ಞರು ಸಾಕ್ಷಿ ನುಡಿದರು. ತೀರ್ಪುಗಾರರಿಗೆ ನಿರ್ಧಾರಕ್ಕೆ ಬರಲು ಕೆಲವೇ ಗಂಟೆ ಸಾಕಾಯಿತು. ಅಪರಾಧಿ, ಬದುಕಿರುವತನಕ ಜೈಲು. ಅವನು ಕೊನೆಯವರೆಗೂ ಒಪ್ಪಿಕೊಳ್ಳಲಿಲ್ಲ. 2019ರಲ್ಲಿ ಸೆರೆಯಲ್ಲಿದ್ದಾಗಲೇ ತೀರಿಕೊಂಡ.

ಕತೆ ಇಲ್ಲಿಗೇ ನಿಂತಿದ್ದರೆ ವಿಜ್ಞಾನಕ್ಕೆ ಕೈಮುಗಿದು ಸುಮ್ಮನಾಗಬಹುದಿತ್ತು. ಆದರೆ ಜೇನ್‌ಳ ಕೈಮೇಲೆ ಒಂದು ಹನಿ ರಕ್ತವಿತ್ತು, 1969ರಲ್ಲೇ ತೆಗೆದಿಟ್ಟದ್ದು. ಅದರ ಡಿಎನ್‌ಎ ಇನ್ನೊಬ್ಬನದಕ್ಕೆ ಹೊಂದಿತು. ಕೊಲೆಯಾದ ರಾತ್ರಿ ಅವನು ನಾಲ್ಕು ವರ್ಷದ ಮಗು, ಡೆಟ್ರಾಯಿಟ್ ನಗರದಲ್ಲಿದ್ದ. ಬೆಳೆದು ದೊಡ್ಡವನಾದ ಮೇಲೆ ಬೇರೊಂದು ಪ್ರಕರಣದಲ್ಲಿ ಸಿಕ್ಕಿಬಿದ್ದಿದ್ದ. ಅವನ ಮಾದರಿ, ಲೈಟರ್‌ಮನ್‌ನ ಮಾದರಿ, ಜೇನ್‌ಳ ವಸ್ತುಗಳು ಎಲ್ಲವೂ ಹೆಚ್ಚು ಕಡಿಮೆ ಒಂದೇ ಸಮಯದಲ್ಲಿ ಒಂದೇ ಪ್ರಯೋಗಾಲಯದಲ್ಲಿ ಇದ್ದವು. ಒಂದಕ್ಕೊಂದು ಸೋಂಕಿರಬೇಕೆಂದು ಆರೋಪಿಯ ವಕೀಲರು ವಾದಿಸಿದರು. ಸರ್ಕಾರದ ಕಡೆಯವರು ಸೋಂಕಿಲ್ಲ ಎಂದರು. ಆದರೆ ಆ ಮಗುವಿನ ರಕ್ತ ಅಲ್ಲಿಗೆ ಹೇಗೆ ಬಂತೆಂದು ಅವರಿಂದ ಹೇಳಲಾಗಲಿಲ್ಲ. ತೀರ್ಪು ಸರಿಯಿರಬಹುದು. ಆ ಹನಿಯನ್ನು ಬದಿಗೆ ಸರಿಸಿ ಅಷ್ಟು ಬೇಗ ತೀರ್ಮಾನಿಸಿದ್ದು ಮಾತ್ರ ನನಗೆ ಸಮಾಧಾನ ತರುವುದಿಲ್ಲ. ಇದೇ ಕೊಲೆಯ ಬಗ್ಗೆ 2007ರಲ್ಲಿ ಬಂದ ಮ್ಯಾಗಿಯ ಎರಡನೆಯ ಪುಸ್ತಕ 'ದ ರೆಡ್ ಪಾರ್ಟ್ಸ್' ಈ ವಿಚಾರಣೆಯ ಕತೆ. ಅದರಲ್ಲಿ ಗೆಲುವಿನ ದನಿಯೇ ಇಲ್ಲ.

ಇದಕ್ಕೆ ತಿರುಗುಮುರುಗಾದ ಹುಡುಕಾಟ ಜೇಮ್ಸ್ ಎಲ್ರಾಯ್‌ನದು. ಲಾಸ್ ಏಂಜಲಿಸ್‌ನ ಪಾತಕ ಲೋಕದ ಕಾದಂಬರಿಗಳಿಂದ ಹೆಸರಾದವನು. 1958ರ ಜೂನ್ 22, ಭಾನುವಾರ. ಹತ್ತು ವರ್ಷದ ಹುಡುಗ, ಬೇರೆಯಾಗಿದ್ದ ಅಪ್ಪನ ಜೊತೆ ವಾರಾಂತ್ಯ ಕಳೆದು ಎಲ್ ಮಾಂಟೆಯ ಮನೆಗೆ ಟ್ಯಾಕ್ಸಿಯಲ್ಲಿ ಬಂದಿಳಿದಾಗ ಬಾಗಿಲಲ್ಲಿ ಪೊಲೀಸರು. ತಾಯಿ ಜೀನ್, ವೃತ್ತಿಯಿಂದ ನರ್ಸ್, ಹೈಸ್ಕೂಲೊಂದರ ಪಕ್ಕದಲ್ಲಿ ಹೆಣವಾಗಿ ಸಿಕ್ಕಿದ್ದರು. ಕುತ್ತಿಗೆಗೆ ಇಲ್ಲೂ ಕಾಲುಚೀಲ, ಜೊತೆಗೊಂದು ಹತ್ತಿಯ ಹಗ್ಗ. ಅಂದು ಪತ್ರಿಕೆಯ ಛಾಯಾಗ್ರಾಹಕನೊಬ್ಬ ಹುಡುಗನನ್ನು ಪಕ್ಕದ ಮನೆಯ ಕೆಲಸದ ಮೇಜಿನ ಮುಂದೆ ನಿಲ್ಲಿಸಿ, ಕೈಗೊಂದು ದಬ್ಬಳ ಕೊಟ್ಟು ಫೋಟೊ ತೆಗೆದ. ಫೋಟೊದಲ್ಲಿ ಹುಡುಗ ಅಳುತ್ತಿಲ್ಲ. ಅಪ್ಪನ ಜೊತೆಗಿರಬಹುದಲ್ಲ ಎಂಬ ನಿರಾಳವೇ ಆಗ ಮನಸ್ಸಿನಲ್ಲಿತ್ತೆಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ.

ತಾಯಿಯ ಪೊಲೀಸ್ ಕಡತ ಅವನ ಕೈಗೆ ಬಂದದ್ದು 1994ರಲ್ಲಿ, ವಯಸ್ಸು ನಲವತ್ತಾರಾದಾಗ. ಪೊಲೀಸ್ ಕೆಲಸದಿಂದ ನಿವೃತ್ತರಾದ ಪತ್ತೇದಾರ ಬಿಲ್ ಸ್ಟೋನರ್‌ರನ್ನು ಜೊತೆ ಮಾಡಿಕೊಂಡು ವರ್ಷಕ್ಕೂ ಮೇಲೆ ಅಲೆದ. ಆ ರಾತ್ರಿ ತಾಯಿಯ ಜೊತೆ ಕಾಣಿಸಿಕೊಂಡಿದ್ದ ಕಪ್ಪು ಕೂದಲಿನ ಗಂಡಸು, ಜುಟ್ಟು ಕಟ್ಟಿದ ಹೆಂಗಸು, ಇಬ್ಬರ ಹೆಸರೂ ಸಿಗಲಿಲ್ಲ. ಸಾಕ್ಷಿಗಳು ಹಲವರು ಸತ್ತಿದ್ದರು. ಬದುಕಿದ್ದವರ ನೆನಪಿಗೆ ಮಂಕು ಕವಿದಿತ್ತು. ಕೊಲೆಗಾರನ ಜಾಡು ಹಿಡಿದು ಹೊರಟವನು ಕೊನೆಗೆ ಬಂದು ಮುಟ್ಟಿದ್ದು ತಾಯಿಯ ತವರೂರಿಗೆ. ವಿಸ್ಕಾನ್ಸಿನ್‌ನ ಟನಲ್ ಸಿಟಿ ಎಂಬ ಸಣ್ಣ ಊರು. ಅವಳು ಯಾರ ಮಗಳು, ಯಾವ ವಯಸ್ಸಿನಲ್ಲಿ ಹೇಗಿದ್ದಳು, ಕೆಂಪುಗೂದಲು ಯಾರಿಂದ ಬಂತು ಎಂಬುದನ್ನೆಲ್ಲ ಕೇಳುವ ಮನಸ್ಸು ಅವನಿಗೆ ಅಲ್ಲಿಯವರೆಗೆ ಆಗಿರಲೇ ಇಲ್ಲ. ಮ್ಯಾಗಿ ಹುಡುಕಿದ್ದು ಜೇನ್‌ಳನ್ನು, ಸಿಕ್ಕಿದ್ದು ಕೊಲೆಗಾರ. ಎಲ್ರಾಯ್ ಹುಡುಕಿದ್ದು ಕೊಲೆಗಾರನನ್ನು, ಸಿಕ್ಕಿದ್ದು ಅವ್ವ.

ಇಬ್ಬರಲ್ಲಿ ಯಾರ ಪಾಲು ಹೆಚ್ಚು? ನಾನಂತೂ ಎಲ್ರಾಯ್‌ನದೆನ್ನುತ್ತೇನೆ, ಅವನ ಬರವಣಿಗೆಯ ಅಬ್ಬರ ನನಗೆ ಅಷ್ಟು ಹಿಡಿಸದಿದ್ದರೂ. ತಾಯಿಯ ಹಾಸಿಗೆಯ ಸಂಗತಿಗಳನ್ನು ಅವನು ಬಿಚ್ಚಿಡುವ ಪುಟಗಳಲ್ಲಿ ಒಮ್ಮೊಮ್ಮೆ ಪುಸ್ತಕ ಮುಚ್ಚಿಡಬೇಕೆನಿಸುತ್ತದೆ. ಸತ್ತವರನ್ನು ಒಪ್ಪಿಗೆ ಕೇಳುವಂತಿಲ್ಲ. ಮನೆಯವನೇ ಪತ್ತೇದಾರನಾದಾಗ ಪೊಲೀಸರಿಗಿರುವ ದಾಕ್ಷಿಣ್ಯವೂ ಅವನಿಗೆ ಇರುವುದಿಲ್ಲ. ಜೇನ್‌ಳ ದಿನಚರಿಯೂ ಊರಿಗೆಲ್ಲ ಓದಿಸಲೆಂದು ಬರೆದದ್ದಲ್ಲ. ಆದರೆ ಮ್ಯಾಗಿ ಬರೆಯುವಾಗ ತಾಯಿ ಪಕ್ಕದಲ್ಲಿದ್ದರು, ಓದಿದರು, ಕೋರ್ಟಿಗೂ ಜೊತೆಯಲ್ಲಿ ಬಂದರು. ಎಲ್ರಾಯ್‌ಗೆ ಕೇಳಿ ಬರೆಯಲು ಮನೆಯಲ್ಲಿ ಯಾರೂ ಉಳಿದಿರಲಿಲ್ಲ.

ಅವನ ಪುಸ್ತಕ 'ಮೈ ಡಾರ್ಕ್ ಪ್ಲೇಸಸ್' 1996ರಲ್ಲಿ ಬಂತು. ಮುಗಿಯುವಲ್ಲಿ, ತನಿಖೆ ಇನ್ನೂ ನಡೆಯುತ್ತಿದೆ ಎಂದು ಹೇಳಿ ಒಂದು ಟೋಲ್ ಫ್ರೀ ನಂಬರು ಅಚ್ಚು ಹಾಕಿಸಿದ್ದಾನೆ, ಗೊತ್ತಿದ್ದವರು ಸ್ಟೋನರ್‌ಗೆ ತಿಳಿಸಲಿ ಎಂದು. ಆ ರಾತ್ರಿ ನಡುವಯಸ್ಸಿನಲ್ಲಿದ್ದ ಗಂಡಸು ಇಂದಿಗೂ ಬದುಕಿದ್ದರೆ ಅವನಿಗೆ ನೂರು ದಾಟಿರಬೇಕು.